ಎರಡು ಆವರ್ತನ ತಡವಾಗಿ

ಪ್ರೀತಿಯ ಪುಟ್ಟಿ,

ನಿನ್ನ ಭರತನಾಟ್ಯ ಅಭ್ಯಾಸದ ಕೋಣೆಗೆ ಗೋಡೆಯಗಲ ಕನ್ನಡಿ ಹಾಕಿಸುವ ಮಾತು ನಡೆದಿದೆ ಅಂತ ಅಕ್ಕ ಹೇಳಿದಳು. ಬಡಗಿ ಬರುವ ಮುಂಚೆ ಇದನ್ನು ಓದು. ಕನ್ನಡಿ ಬೇಡ. ಮನೆಯಲ್ಲಿ ಬಿದ್ದಿರುವ ಹಳೇ ಫೋನಿಗೆ ಒಂದು ಸ್ಟ್ಯಾಂಡ್ ತರಿಸಿಕೊಂಡು, ಕ್ಯಾಮೆರಾ ಕಂಡದ್ದನ್ನು ತಡಮಾಡಿ ತೋರಿಸುವ ಆ್ಯಪ್ ಹಾಕಿಕೋ. ಕ್ರೀಡಾಪಟುಗಳು ಬಳಸುವಂಥದ್ದೇ ಸಾಕು. ಬಂದ ಚಿತ್ರಗಳನ್ನು ಅದು ಕೆಲವು ಸೆಕೆಂಡು ನೆನಪಿನಲ್ಲಿ ಹಿಡಿದಿಟ್ಟು, ಆಮೇಲೆ ಪರದೆಗೆ ಬಿಡುತ್ತದೆ. ಬಟನ್ ಒತ್ತೋದು, ಹಿಂದಕ್ಕೆ ಓಡಿಸೋದು ಏನೂ ಇಲ್ಲ.

ನಾಟ್ಟಡವನ್ನೇ ತಗೋ. ಅರೆಮಂಡಿಯಲ್ಲಿದ್ದು ಬಲಗಾಲು ಪಕ್ಕಕ್ಕೆ ಚಾಚಿ ಹಿಮ್ಮಡಿ ನಾಟುವಾಗ ದೃಷ್ಟಿ ಕೈಯ ಹಿಂದೆ ಹೋಗಬೇಕಲ್ಲ? ಎದುರಿಗೆ ಕನ್ನಡಿ ಇದ್ದರೆ ಹೋಗೋದಿಲ್ಲ, ಅಲ್ಲೇ ಅಂಟಿಕೊಳ್ಳುತ್ತೆ. ಕಾಲು ಚಾಚಿದ ಕೂಡಲೇ ಬೆನ್ನು ಮುಂದಕ್ಕೆ ಬಾಗೋದು ಪಕ್ಕದಿಂದ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ. ಅದನ್ನು ಕನ್ನಡಿಯಲ್ಲಿ ನೋಡಲು ಕತ್ತು ತಿರುಗಿಸಿದರೆ ಅಡವೇ ಕೆಟ್ಟಿತು. ಫೋನನ್ನು ನಿನ್ನ ಎಡಪಕ್ಕಕ್ಕೆ, ಸೊಂಟದೆತ್ತರದಲ್ಲಿ ಇಡು. ಮೇಲಿನಿಂದ ತೆಗೆದರೆ ಅರೆಮಂಡಿಯ ಆಳ ಸರಿಯಾಗಿ ತಿಳಿಯೋದಿಲ್ಲ.

ತಡ ಎಷ್ಟು ಅನ್ನೋದೇ ಮುಖ್ಯ. ಅರೆ ಕ್ಷಣ ತಡವಾದರೆ ಅದು ಕಾಟ. ತನ್ನದೇ ಮಾತು ಚೂರು ತಡವಾಗಿ ಕಿವಿಗೆ ಬಿದ್ದರೆ ಮಾತಾಡುವವರು ತಡವರಿಸುತ್ತಾರೆ ಅಂತ ಬರ್ನಾರ್ಡ್ ಲೀ 1950ರಲ್ಲೇ ತೋರಿಸಿದ್ದರು. ಹಾಗಂತ ಅಡವು ಮುಗಿದ ಮರುಕ್ಷಣವೇ ಉತ್ತರ ಸಿಕ್ಕರೂ ಒಳ್ಳೆಯದಲ್ಲ. ಸ್ಟೀಫನ್ ಸ್ವಿನೆನ್, ರಿಚರ್ಡ್ ಶ್ಮಿಟ್ ಮತ್ತಿತರರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಫಲಿತಾಂಶವನ್ನು ತಕ್ಷಣ ತಿಳಿದವರಿಗಿಂತ ಕೆಲವು ಸೆಕೆಂಡು ಕಾದು ತಿಳಿದವರ ಕಲಿಕೆ ಗಟ್ಟಿಯಾಗಿತ್ತು. ಕಾಯುವಾಗ ನಮ್ಮ ಮೈ ಏನು ಮಾಡಿತು ಅಂತ ನಾವೇ ಕೇಳಿಕೊಳ್ಳುತ್ತೇವೆ. ಈ ಕಾಗದ ಬರೆಯುತ್ತಿರುವುದು ಆ ಒಂದು ಕೆಲಸಕ್ಕಾಗಿ, ಪುಟ್ಟಿ.

ಆದ್ದರಿಂದ ತಡವನ್ನು ತಾಳದಲ್ಲೇ ಅಳೆ. ಆದಿತಾಳ, 4+2+2, ಎಂಟು ಅಕ್ಷರ. ತಾಳದ ಯಂತ್ರವನ್ನು ನಿಮಿಷಕ್ಕೆ 60ಕ್ಕೆ ಇಟ್ಟರೆ ಒಂದು ಆವರ್ತನ 8 ಸೆಕೆಂಡು. ಆ್ಯಪ್‌ನಲ್ಲಿ 16 ಸೆಕೆಂಡು ಇಡು. ಮೊದಲ ಆವರ್ತನ ಮಾಡು. ಎರಡನೆಯದರಲ್ಲಿ ನಿಂತು, ಬಾಯಿಬಿಟ್ಟು ಹೇಳು: "ಮೊಣಕೈ ಇಳಿಯಿತು", "ನಾಲ್ಕನೇ ಏಟು ಬೇಗ ಬಿತ್ತು". ಮೂರನೆಯದರಲ್ಲಿ ಪರದೆ ನೋಡು, ಅಷ್ಟರಲ್ಲಿ ನೀನು ಅಲ್ಲಿರುತ್ತೀಯ. ಫೋನಿನ ಸದ್ದು ಮಾತ್ರ ಮುಚ್ಚಿರಬೇಕು. ಆಗ ಒಂದು ಸೊಗಸು ನಡೆಯುತ್ತೆ: ತಡ ಸರಿಯಾಗಿ ಎರಡು ಆವರ್ತನವೇ ಆದ್ದರಿಂದ, ಪರದೆಯ ಮೇಲಿನ ಹಿಮ್ಮಡಿ ಈಗ ಕೇಳುತ್ತಿರುವ ತಾಳದ ಮೇಲೇ ಬೀಳುತ್ತೆ. ಓಡಿದ್ದರೆ ಓಡಿದ್ದು, ಎಳೆದಿದ್ದರೆ ಎಳೆದದ್ದು, ಕಣ್ಣಿಗೇ ಕಾಣುತ್ತೆ. ಎರಡನೇ ಕಾಲಕ್ಕೂ ಇದೇ ಲೆಕ್ಕ. ತಾಳ ಬದಲಾಗದು, ಅಡವು ಮಾತ್ರ ಇಮ್ಮಡಿ.

ಹೇಳಿದ್ದು ನೋಡಿದ್ದಕ್ಕೆ ಹೆಚ್ಚಾಗಿ ಸರಿಹೋಗತೊಡಗಿದಾಗ ಪರದೆಯನ್ನು ಬೋರಲು ಹಾಕು. ನಡುನಡುವೆ ಮಾತ್ರ ತಿರುಗಿಸಿ ನೋಡು.

ಅಭಿನಯಕ್ಕೆ ಇದನ್ನು ದಯವಿಟ್ಟು ತರಬೇಡ. ಜಟ್ಟಿ ತಾಯಮ್ಮನವರಿಂದ ವೆಂಕಟಲಕ್ಷಮ್ಮನವರಿಗೆ ಬಂದ ಮೈಸೂರಿನ ಅಭಿನಯ ನಮಗೆ ಹತ್ತಿರದ್ದು. ಅಲ್ಲಿ ಮುಖ ಹೇಗೆ ಕಂಡಿತು ಅಂತ ಮತ್ತೆಮತ್ತೆ ನೋಡಿಕೊಂಡರೆ ಭಾವ ಹೋಗಿ ಮುಖವಷ್ಟೇ ಉಳಿಯುತ್ತೆ. ಅದು ನಿನ್ನ ಗುರುಗಳ ಎದುರಿಗೇ ಆಗಲಿ. ಅಡವಿನ ವಿಷಯದಲ್ಲೂ ಅವರನ್ನು ಮೊದಲು ಕೇಳು. ಅವರು ತಿದ್ದಿದ ಒಂದೇ ಅಂಶವನ್ನು ಆ ವಾರ ಪರದೆಯಲ್ಲಿ ಹುಡುಕು, ಹತ್ತನ್ನಲ್ಲ.

ತಟ್ಟು ಮೆಟ್ಟು ಮಾಡುವಾಗ ಫೋನನ್ನು ಬೆನ್ನ ಹಿಂದೆ ಇಟ್ಟು ಭುಜ ಏಳುತ್ತಾ ನೋಡಿ, ಬರೆ. ನನಗೆ ಅನುಮಾನ ಇರೋದು ಬಲಭುಜದ ಮೇಲೆ.

ನಿನ್ನ,
ಚಿಕ್ಕಮ್ಮ