ಸೀಗೆಯ ಘಾಟು, ಲಾವಂಚದ ಕಂಪು

ಸ್ನಾನದ ಪುಡಿಯೂ ಒಂದು ಪ್ರಬಂಧಕ್ಕೆ ವಸ್ತುವಾದೀತೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ದಸರೆ ಮುಗಿದು ದೀಪಾವಳಿ ಇನ್ನೂ ಬರಬೇಕಾಗಿರುವ ಆ ಎರಡು ಮೂರು ವಾರಗಳಲ್ಲಿ ಬದಲಾಪುರದ ನಮ್ಮ ಮನೆಯನ್ನು ಕಂಡವರು ಹಾಗೆ ಕೇಳಲಾರರು. ಮಳೆ ಹಿಂದೆಗೆದು ಬಿಸಿಲು ನಿಚ್ಚಳವಾದೊಡನೆ ಕಟ್ಟಡದ ತಾರಸಿಯ ಮೇಲೆ ಹಳೆಯ ಸೀರೆಗಳನ್ನು ಹಾಸಿ, ಸೀಗೆಕಾಯಿ, ಅಂಟುವಾಳ, ಮೆಂತ್ಯ, ಹೆಸರುಕಾಳು, ಕಿತ್ತಳೆಯ ಸಿಪ್ಪೆ, ದಾಸವಾಳದ ಎಲೆ ಇವುಗಳನ್ನು ಬೇರೆ ಬೇರೆಯಾಗಿ ಹರವುತ್ತೇವೆ. ಪಾರಿವಾಳಗಳನ್ನು ಓಡಿಸುವ ಹೊಣೆ ಮೊಮ್ಮಕ್ಕಳಾದ ನಮ್ಮದು. ಪಾರಿವಾಳಕ್ಕೆ ಸೀಗೆಕಾಯಿಯಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲ. ಹೆಸರುಕಾಳಿನ ಸೀರೆ ಯಾವುದೆಂಬುದು ಮಾತ್ರ ಅದಕ್ಕೆ ನಮಗಿಂತ ಮೊದಲೇ ಗೊತ್ತು.

ಬದಲಾಪುರವನ್ನು ಕಾಣದವರಿಗಾಗಿ ಒಂದು ಮಾತು. ಕಲ್ಯಾಣದಿಂದ ಕರ್ಜತ್ತಿಗೆ ಹೋಗುವ ರೈಲುದಾರಿಯಲ್ಲಿ, ಅಂಬರನಾಥದಿಂದ ಆಚೆಗೆ, ಉಲ್ಹಾಸ ನದಿಯ ಬಳಿ ಇರುವ ಊರು ಇದು. ಹಿಂದೆ ಇಲ್ಲಿ ಪ್ರಯಾಣಿಕರು ಕುದುರೆಗಳನ್ನು ಬದಲಾಯಿಸಿಕೊಳ್ಳುತ್ತಿದ್ದರು, ಅದರಿಂದಲೇ ಈ ಹೆಸರು ಬಂದಿತು ಎಂದು ಊರಿನವರು ಹೇಳುತ್ತಾರೆ. ಈಗ ಇಲ್ಲಿ ಬದಲಾಗುವುದು ನೆರೆಹೊರೆ. ನಮ್ಮ ಕಟ್ಟಡದಲ್ಲಿ ಕನ್ನಡ ಮಾತನಾಡುವ ಮನೆಗಳು ಮೂರಿವೆ. ಮೂರು ಮನೆಗಳ ಕನ್ನಡವೂ ಬೇರೆ, ಮೂರು ಮನೆಗಳ ಸ್ನಾನವೂ ಬೇರೆ.

ಉಡುಪಿಯ ಕಡೆಯವರು ದಾಸವಾಳದ ಎಲೆಗಳನ್ನು ನೀರಿನಲ್ಲಿ ಚೆನ್ನಾಗಿ ಕಿವುಚಿ, ನಾರನ್ನು ಹಿಂಡಿ ತೆಗೆದು, ಲೋಳೆಯಂತಹ ಹಸಿರು ರಸವನ್ನು ಮಾಡುತ್ತಾರೆ. ಅದಕ್ಕೆ ಗೊಂಪು ಎಂದು ಹೆಸರು. ಕಲಬುರಗಿಯ ಮನೆಯವರಿಗೆ ಕಡ್ಲಿಹಿಟ್ಟು, ಹಾಲಿನ ಕೆನೆ, ಚಿಟಿಕೆ ಅರಿಶಿನ ಇದ್ದರೆ ಸಾಕು, ಮಿಕ್ಕದ್ದೆಲ್ಲ ಅವರ ದೃಷ್ಟಿಯಲ್ಲಿ ಆಡಂಬರ. ನಮ್ಮದು ಮೈಸೂರಿನ ಮನೆ. ಅಭ್ಯಂಜನವೆಂದರೆ ಸೀಗೆಕಾಯಿಯ ಜೊತೆಗೆ ಚಿಗರೆಪುಡಿಯೂ ಇರಬೇಕು. ಒಣಗಿದ ಎಲೆಯ ಆ ಹಸಿರು ಪುಡಿ ತಲೆಯ ಎಣ್ಣೆಯನ್ನು ಸೆಳೆದು ತೆಗೆಯುತ್ತದೆ. ಇಲ್ಲಿಯ ಪೇಟೆಯಲ್ಲಿ ಅದು ನಮಗೆ ದೊರೆತಿಲ್ಲವಾದ್ದರಿಂದ ಊರಿಗೆ ಹೋದವರು ತರುವ ಪೆಟ್ಟಿಗೆಯಲ್ಲಿ ಅದಕ್ಕೊಂದು ಮೂಲೆ ಮೀಸಲು. ಎದುರು ಮನೆಯ ಮರಾಠಿ ಕಾಕೂ ದೀಪಾವಳಿಗೆ ಉಟಣೆ ಎಂಬ ಪುಡಿಯನ್ನು ಮಾಡುತ್ತಾರೆ. ನರಕಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿ, ಅದನ್ನು ಮೈಗೆ ತಿಕ್ಕಿ ಸ್ನಾನ ಮಾಡಿ, ಕಾರೀಟವೆಂಬ ಕಹಿಯಾದ ಪುಟ್ಟ ಕಾಯನ್ನು ಕಾಲಿನಿಂದ ಒಡೆಯುವುದು ಕೊಂಕಣದವರಾದ ಅವರ ಸಂಪ್ರದಾಯ. ನಮ್ಮಲ್ಲಿ ಹಿಂದಿನ ಸಂಜೆಯೇ ನೀರು ತುಂಬುವ ಹಬ್ಬ. ಹಂಡೆ ಹೋಗಿ ಸ್ನಾನದ ಮನೆಯ ಗೋಡೆಗೆ ವಿದ್ಯುತ್ತಿನ ಬಿಳಿ ಡಬ್ಬಿ ಬಂದಿದ್ದರೂ, ನಮ್ಮ ಅಜ್ಜಿ ಅದಕ್ಕೇ ಕುಂಕುಮವಿಟ್ಟು ಮಾವಿನೆಲೆ ಕಟ್ಟುತ್ತಾರೆ.

ಬಹಳ ವರ್ಷಗಳ ತನಕ ಕಾಕೂ ಅವರ ಉಟಣೆಯೂ ಅಜ್ಜಿಯ ಸ್ನಾನದ ಪುಡಿಯೂ ಎರಡು ಬೇರೆ ಲೋಕಗಳೆಂದೇ ನಾವು ತಿಳಿದಿದ್ದೆವು. ಅವರು ನಾಗರಮೋಥಾ ಎನ್ನುವರು, ಇವರು ಕೊನ್ನಾರಿಗಡ್ಡೆ ಎನ್ನುವರು. ಅವರು ವಾಳಾ ಎನ್ನುವರು, ಇವರು ಲಾವಂಚ ಎನ್ನುವರು. ಒಂದು ದಿನ ಇಬ್ಬರೂ ತಮ್ಮ ತಮ್ಮ ಡಬ್ಬಿಗಳನ್ನು ತಾರಸಿಗೆ ತಂದು ಒಂದೊಂದನ್ನೂ ಮೂಸಿ ನೋಡಿದರು. ಒಬ್ಬರ ಭಾಷೆ ಮತ್ತೊಬ್ಬರಿಗೆ ಅರ್ಧ ಮಾತ್ರ ತಿಳಿಯುತ್ತಿದ್ದಿತು. ಮೂಗಿಗೆ ಮಾತ್ರ ದುಭಾಷಿ ಬೇಕಾಗಲಿಲ್ಲ.

ಇನ್ನು ಕೆಲಸದ ವಿವರ. ತಲೆಗೆ ಹಾಕುವ ಪುಡಿ ಬೇರೆ, ಮೈಗೆ ಹಾಕುವ ಪುಡಿ ಬೇರೆ. ತಲೆಯ ಪುಡಿಗೆ ಒಂದು ಕಿಲೊ ಸೀಗೆಕಾಯಿ, ಬೀಜ ತೆಗೆದ ಅಂಟುವಾಳ ಕಾಲು ಕಿಲೊ, ಹೆಸರುಕಾಳು ಕಾಲು ಕಿಲೊ, ಮೆಂತ್ಯ 100 ಗ್ರಾಂ, ದಾಸವಾಳದ ಒಣ ಎಲೆ ಎರಡು ಹಿಡಿ. ಚಿಗರೆಪುಡಿಯನ್ನು ಸ್ನಾನದ ಹೊತ್ತಿಗೆ ಬೆರೆಸಿಕೊಳ್ಳುವುದು. ಮೈಯ ಪುಡಿಗೆ ಕಡಲೆಬೇಳೆ, ಹೆಸರುಬೇಳೆ ಅರ್ಧರ್ಧ ಕಿಲೊ. ಕಸ್ತೂರಿ ಅರಿಶಿನ, ಕಚೋರ, ಕೊನ್ನಾರಿಗಡ್ಡೆ 50 ಗ್ರಾಮಿನಂತೆ. ಸಣ್ಣಗೆ ಕತ್ತರಿಸಿದ ಲಾವಂಚದ ಬೇರು 25 ಗ್ರಾಂ. ಪೂಜೆಯ ಗುಲಾಬಿಯ ಒಣ ಪಕಳೆ ಇದ್ದಷ್ಟು. ಎಲ್ಲವೂ ಕೈಯಲ್ಲಿ ಮುರಿದರೆ ಟಿಕ್ಕೆನ್ನುವಂತೆ ಒಣಗಬೇಕು. ಪುಡಿಯಲ್ಲಿ ತೇವ ಉಳಿದರೆ ಮುಗ್ಗುತ್ತದೆ. ನೀರು ಬೆರೆಸಿದ್ದನ್ನು ಅಂದೇ ಬಳಸಿ ಮುಗಿಸಬೇಕು. ಅಂಗಡಿಯ ಸರಕಿನಲ್ಲಿರುವಂತೆ ಕೆಡದಂತೆ ಕಾಯುವ ಪದಾರ್ಥವೇನೂ ಇದರಲ್ಲಿಲ್ಲ. ಮನೆಯಲ್ಲಿ ಮಾಡಿದ್ದೆಲ್ಲ ಮೃದು ಎಂಬುದೂ ಭ್ರಮೆಯೇ. ಹೊಸದಾಗಿ ಬಳಸುವವರು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದು ದಿನ ಕಾದು ನೋಡುವುದು ಲೇಸು.

ಬೀಸುವುದೇ ದೊಡ್ಡ ಸಮಸ್ಯೆ. ಸೀಗೆಕಾಯಿಯನ್ನು ಹಿಟ್ಟಿನ ಗಿರಣಿಗೆ ಒಯ್ದರೆ ಗಿರಣಿಯವನು ಎರಡು ಕೈಗಳನ್ನೂ ಜೋಡಿಸುತ್ತಾನೆ. ಅವನ ಭಯಕ್ಕೆ ಕಾರಣವಿದೆ. ಸೀಗೆಯ ಧೂಳು ಎದ್ದಿತೆಂದರೆ ಸರದಿಯಲ್ಲಿ ನಿಂತವರೆಲ್ಲ ಸೀನತೊಡಗುತ್ತಾರೆ. ಅದರ ಹಿಂದೆ ಬೀಸಿದ ಗೋದಿಯಲ್ಲಿ ಮಾಡಿದ ಚಪಾತಿ ಕಹಿಯಾಗಿ, ಮರುದಿನ ಆ ಗೃಹಿಣಿ ಗಿರಣಿಗೆ ಬರುವ ಭಂಗಿಯೇ ಬೇರೆ. ಕಡೆಗೆ ಒಪ್ಪಂದವೊಂದು ಆಗಿದ್ದಿತು: ವಾರದ ರಜೆಯ ಹಿಂದಿನ ಸಂಜೆ, ಎಲ್ಲ ಗಿರಾಕಿಗಳೂ ಹೋದ ಮೇಲೆ, ನಮ್ಮದೂ ಕಾಕೂ ಅವರದೂ. ನಾವು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿರುತ್ತಿದ್ದೆವು. ಆದರೂ ಸೀನು ತಪ್ಪಿದ್ದಿಲ್ಲ.

ಈ ಸೀನಿಗೂ ಆ ನೊರೆಗೂ ಮೂಲ ಒಂದೇ. ಸೀಗೆಕಾಯಿಯಲ್ಲಿಯೂ ಅಂಟುವಾಳದಲ್ಲಿಯೂ ಸಾಪೊನಿನ್ ಎಂಬ ದ್ರವ್ಯಗಳಿವೆ. ಅವುಗಳ ಕಣಗಳಿಗೆ ಎರಡು ಬಗೆಯ ಸ್ವಭಾವ. ಒಂದು ಭಾಗ ನೀರನ್ನು ಬಯಸುತ್ತದೆ, ಇನ್ನೊಂದು ಭಾಗ ಎಣ್ಣೆಯನ್ನು ಹಿಡಿಯುತ್ತದೆ. ಹೀಗೆ ಎಣ್ಣೆಯನ್ನು ಹಿಡಿದು ನೀರಿನೊಡನೆ ಹೊರಟುಹೋಗುವುದರಿಂದಲೇ ಕೊಳೆ ಹೋಗುವುದು. ಸಸ್ಯಶಾಸ್ತ್ರಜ್ಞರು ಅಂಟುವಾಳಕ್ಕೆ ಕೊಟ್ಟಿರುವ ಸಾಪಿಂಡಸ್ ಎಂಬ ಹೆಸರಿಗೆ ‘ಭಾರತದ ಸಾಬೂನು’ ಎಂದೇ ಅರ್ಥ. ನಮ್ಮ ಕಟ್ಟಡದ ಕೊಳವೆಬಾವಿಯ ನೀರು ಗಡಸು. ಸಾಬೂನು ಅದರಲ್ಲಿ ಸುಣ್ಣದ ಅಂಶದೊಡನೆ ಕೂಡಿ ಬಿಳಿಯ ಗಸಿಯಾಗಿ ಬಕೆಟ್ಟಿನ ಅಂಚಿಗೆ ಹತ್ತಿಕೊಳ್ಳುತ್ತದೆ. ಸೀಗೆಯ ಪುಡಿ ಅಷ್ಟಾಗಿ ಆ ಜಗಳಕ್ಕೆ ಹೋಗುವುದಿಲ್ಲ. ಅದರ ಜಗಳವೇನಿದ್ದರೂ ನಮ್ಮ ಕಣ್ಣುಗಳೊಡನೆ.

ಮೈಸೂರಿನವರ ಪುಡಿಯಲ್ಲಿ ಗಂಧವೇ ಇಲ್ಲವೆ ಎಂದು ಕಾಕೂ ಒಮ್ಮೆ ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆ. ಮೈಸೂರು ಸೀಮೆಯ ಗಂಧದ ಕೊರಡುಗಳು ಹಿಂದೆ ಯೂರೋಪಿಗೆ ಹೋಗುತ್ತಿದ್ದವು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರ ಕೆಟ್ಟಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಕಾರ್ಖಾನೆ 1916ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸಾಬೂನು ಬಂದಿತು. ಅದರ ತಯಾರಿಕೆಯ ವಿದ್ಯೆ ಕಲಿತು ಬರಲು ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿದ್ದರು. ಆದರೆ ಗಂಧದ ಮರ ಅವಸರದ ಮರವಲ್ಲ. ತನ್ನ ಬೇರುಗಳಿಂದ ನೆರೆಯ ಗಿಡಗಳ ಬೇರನ್ನು ಹಿಡಿದು, ಅವುಗಳಿಂದ ಆಹಾರದ ಒಂದು ಪಾಲು ಪಡೆದು ಬೆಳೆಯುವ ಅದರ ತಿರುಳಿನಲ್ಲಿ ಸುವಾಸನೆ ತುಂಬಲು ಹಲವು ವರ್ಷಗಳೇ ಬೇಕು. ಟಿಪ್ಪು ಸುಲ್ತಾನನು 1792ರಲ್ಲಿ ಅದನ್ನು ಅರಮನೆಯ ಮರವೆಂದು ಸಾರಿದನು; ಕರ್ನಾಟಕದಲ್ಲಿ ಬೆಳೆದವನಿಗೇ ಅದರ ಒಡೆತನ ದೊರೆತದ್ದು 2001ರ ಕಾನೂನಿನ ತಿದ್ದುಪಡಿಯಿಂದ. ಹತ್ತು ಇಪ್ಪತ್ತು ರೂಪಾಯಿಯ ಪೊಟ್ಟಣದ ಮೇಲೆ ‘ಶುದ್ಧ ಗಂಧ’ ಎಂದು ಬರೆದಿದ್ದರೆ ಆ ಶುದ್ಧತೆ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು. ಅಜ್ಜಿಯ ಬಳಿ ಬೆರಳುದ್ದದ ಒಂದು ಕೊರಡು ಉಂಟು. ಅದು ದೇವರಿಗೆ ಮಾತ್ರ. ನಮಗೆ ಕೊನ್ನಾರಿಗಡ್ಡೆ.

ಅಜ್ಜಿ ಈ ಅಳತೆಗಳನ್ನು ಎಂದೂ ತಕ್ಕಡಿಯಲ್ಲಿ ತೂಗಿದವರಲ್ಲ. ಹಿಡಿ ಹಿಡಿಯಾಗಿ ಹಾಕಿ, ಮೂಸಿ, ‘ಇನ್ನೊಂದಿಷ್ಟು’ ಎನ್ನುವುದೇ ಅವರ ಲೆಕ್ಕ. 2021ರ ಏಪ್ರಿಲ್ ತಿಂಗಳಲ್ಲಿ ಮನೆಯವರೆಲ್ಲರೂ ಕೋವಿಡ್ಡಿನಿಂದ ಮಲಗಿದೆವು. ಎಲ್ಲರೂ ಎದ್ದೆವು, ಅಜ್ಜಿಯೂ ಎದ್ದರು. ಆದರೆ ಅವರ ಮೂಗು ಎದ್ದಿರಲಿಲ್ಲ. ಒಗ್ಗರಣೆ ಸೀದರೂ ತಿಳಿಯದು, ಮಲ್ಲಿಗೆಯ ದಂಡೆ ಮುಡಿದರೂ ತಿಳಿಯದು. ಆ ವರ್ಷ ಅಕ್ಟೋಬರಿನಲ್ಲಿ ಪುಡಿ ಮಾಡುವ ಹೊತ್ತಿಗೆ ಅವರು ಲಾವಂಚದ ಕಟ್ಟನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕುಳಿತಿದ್ದರು. ಬಳಿಕ ಅದನ್ನು ನಮ್ಮ ಕೈಗೆ ಕೊಟ್ಟು ಕೇಳಿದರು: “ಹೇಗಿದೆಯೋ ವಾಸನೆ?”

“ಚೆನ್ನಾಗಿದೆ ಅಜ್ಜಿ.”

“ಇದು?” ಎಂದು ಕಚೋರವನ್ನು ಕೊಟ್ಟರು.

“ಅದೂ ಚೆನ್ನಾಗಿದೆ.”

“ಎಲ್ಲಾ ಚೆನ್ನಾಗಿದ್ರೆ ನಾನು ಪುಡಿ ಮಾಡೋದು ಹೇಗೆ? ಹೆಸರು ಹೇಳ್ರೋ ಅದಕ್ಕೆ!”

ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಬಣ್ಣಗಳ ಹೆಸರನ್ನು ಶಾಲೆಯಲ್ಲಿ ಕಲಿತಿದ್ದೆವು, ರುಚಿ ಆರೆಂಬುದನ್ನು ಬಾಯಿಪಾಠ ಮಾಡಿದ್ದೆವು. ವಾಸನೆಗೆ ನಮ್ಮಲ್ಲಿದ್ದ ಮಾತುಗಳು ಎರಡೇ: ಚೆನ್ನಾಗಿದೆ, ಚೆನ್ನಾಗಿಲ್ಲ. ಅಜ್ಜಿಯ ಬಳಿ ಇದ್ದ ಮಾತುಗಳೆಷ್ಟು! ತುಪ್ಪ ಕಾಯುವಾಗ ಬರುವುದು ಘಮ. ಹೂವಿನಿಂದ ಗಾಳಿಯಲ್ಲಿ ತೇಲಿ ಬರುವುದು ಕಂಪು. ಮೆಣಸಿನಕಾಯಿ ಹುರಿದಾಗ ಮೂಗಿಗೆ ಹೊಡೆಯುವುದು ಘಾಟು. ಹಳೆಯ ಎಣ್ಣೆಯದು, ಎಣ್ಣೆತಲೆಯ ದಿಂಬಿನದು ಕಮಟು. ನೆನೆದ ಕಾಳಿನ ಚೀಲದ್ದು ಮುಗ್ಗು. ಅವರೆಕಾಯಿ ಬಿಡಿಸಿದ ಬೆರಳಿನಲ್ಲಿ ಉಳಿಯುವುದು ಸೊಗಡು. ಬೇಯದ ಹಿಟ್ಟಿನದು ಹಸಿ ವಾಸನೆ. ತಳ ಹಿಡಿದರೆ ಸೀದದ್ದು. ನಾತವೆಂಬುದನ್ನು ಅವರು ವಿವರಿಸಲಿಲ್ಲ.

ಅಂದಿನಿಂದ ಅವರು ಕೇಳುವರು, ನಾವು ಮೂಸಿ ಹೇಳುವೆವು. “ಕೊನ್ನಾರಿಗಡ್ಡೆಯಲ್ಲಿ ಮುಗ್ಗು ಇದೆಯೇ?” “ಸ್ವಲ್ಪ ಇದೆ ಅಜ್ಜಿ.” “ಹಾಗಾದರೆ ಇನ್ನೆರಡು ಬಿಸಿಲು.” “ಸೀಗೆಯ ಘಾಟು ಮೇಲೋ, ಮೆಂತ್ಯದ್ದು ಮೇಲೋ?” ಹೀಗೆ ಎರಡು ದಿನ ವಾದಿಸಿ ಪುಡಿ ಸಿದ್ಧವಾಯಿತು. ಮೇಲೆ ಹೇಳಿದ ಗ್ರಾಂ ಲೆಕ್ಕ ಹುಟ್ಟಿದ್ದು ಆಗಲೇ. ಅವರು ಹಾಕಿದ ಒಂದೊಂದು ಹಿಡಿಯನ್ನೂ ನಾವು ತೂಗಿ, ಪಕ್ಕದಲ್ಲಿ ವಾಸನೆಯ ಹೆಸರನ್ನೂ ಸೇರಿಸಿ ನೋಟುಪುಸ್ತಕದಲ್ಲಿ ಬರೆದುಕೊಂಡೆವು.

ವೈದ್ಯರು ಅಜ್ಜಿಗೆ ಔಷಧವನ್ನು ಕೊಡಲಿಲ್ಲ, ಅಭ್ಯಾಸವನ್ನು ಕೊಟ್ಟರು. ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮವಂತೆ ಅದು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಬಾರಿ, ಮನಸ್ಸಿಟ್ಟು, ವಾರಗಟ್ಟಲೆ ಮೂಸುವುದು. ಅವರು ಹನ್ನೆರಡು ವಾರ ನಡೆಸಿ ನೋಡಿದ್ದರು. ಅಜ್ಜಿ ಒಂದು ವರ್ಷ ನಡೆಸಿದರು, ಐದನೆಯದಾಗಿ ಲಾವಂಚವನ್ನು ತಾವೇ ಸೇರಿಸಿಕೊಂಡರು. ನಡುವೆ ಕೆಲವು ತಿಂಗಳು ಕಾಫಿ ಅವರಿಗೆ ಸುಟ್ಟ ರಬ್ಬರಿನಂತೆ ತೋರುತ್ತಿದ್ದಿತು. ಮೈಸೂರಿನವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಈಗ ಕಾಫಿ ಬಂದಿದೆ, ಲವಂಗ ಬಂದಿದೆ, ಲಾವಂಚವೂ ಬಂದಿದೆ. ಮಲ್ಲಿಗೆ ಇನ್ನೂ ಬಂದಿಲ್ಲ. ನಾವು ಮುಡಿಸಿದಾಗ, “ಹೂವು ಅರಳಿದೆಯೇ?” ಎಂದು ಕೇಳುತ್ತಾರೆ.

ಮನೆಯ ಸುವಾಸನೆಗೂ ನಾವು ಅಂಗಡಿಯ ಸಿಂಪರಣೆಯ ಡಬ್ಬಿ ತರುವುದಿಲ್ಲ. ಬಕುಳದ ಹೂವನ್ನು ಆರಿಸಿ ತಂದು ಬಟ್ಟೆಯ ಕಪಾಟಿನಲ್ಲಿಟ್ಟರೆ ಒಣಗಿದ ಮೇಲೂ ಕಂಪು ಉಳಿಯುತ್ತದೆ. ಬೇಸಿಗೆಯಲ್ಲಿ ಲಾವಂಚದ ಕಟ್ಟು ಕುಡಿಯುವ ನೀರಿನ ಮಡಕೆಗೂ ಬೀಳುತ್ತದೆ, ಕಿಟಕಿಗೂ ಏರುತ್ತದೆ; ಕಿಟಕಿಯದಕ್ಕೆ ಆಗಾಗ ನೀರು ಚಿಮುಕಿಸಿದರೆ ಒಳಗೆ ಬರುವ ಗಾಳಿ ಮಣ್ಣಿನ ತಂಪನ್ನು ಹೊತ್ತು ತರುತ್ತದೆ. ಸಾಂಬ್ರಾಣಿ ಮಾತ್ರ ಅಪರೂಪಕ್ಕೆ. ಬಾಣಂತಿಯ ಕೂದಲನ್ನು ಬುಟ್ಟಿಯ ಮೇಲೆ ಹರವಿ ಧೂಪ ಹಾಕುತ್ತಿದ್ದ ಕಾಲ ಅಜ್ಜಿಯದು. ಮರಾಠಿಯವರಲ್ಲಿ ಅದಕ್ಕೆ ಧುರಿ ಎನ್ನುತ್ತಾರೆ. ಆ ಮನೆಗಳಿಗೆ ಹೆಂಚಿನ ಸಂದುಗಳಿದ್ದವು. ನಮ್ಮ ಎರಡು ಕೋಣೆಗಳಲ್ಲಿ ಹೊಗೆ ಹೋಗುವುದೆಲ್ಲಿಗೆ? ಹೊಗೆ ಎಷ್ಟು ಪವಿತ್ರವಾದರೂ ಎಳೆಮಗುವಿನ ಶ್ವಾಸಕೋಶಕ್ಕೆ ಹೊಗೆಯೇ. ಹಬ್ಬದ ದಿನ ಕಿಟಕಿಗಳನ್ನೆಲ್ಲ ತೆರೆದು ಒಂದು ಚಿಟಿಕೆ ಹಾಕಿದರೆ ಸಾಕೆಂದು ಅಜ್ಜಿಯೇ ತೀರ್ಮಾನಿಸಿದ್ದಾರೆ.

ಕಿಟಕಿ ತೆರೆಯುವುದೂ ಇಲ್ಲಿ ಯಾವಾಗಲೂ ಸುಲಭವಲ್ಲ. ಬದಲಾಪುರ ಅಂಬರನಾಥಗಳಲ್ಲಿ ರಾಸಾಯನಿಕ ಕಾರ್ಖಾನೆಗಳು ಹಲವಿವೆ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿ ಮೇಲಕ್ಕೇಳದೆ ನಿಂತಾಗ, ಯಾವುದೋ ಒಂದು ವಾಸನೆ ಬೀದಿಗಳಲ್ಲಿ ಹರಡಿಕೊಳ್ಳುತ್ತದೆ. ಗಂಟಲು ಕೆರೆಯುತ್ತದೆ, ಮನೆಮನೆಯ ಕಿಟಕಿಗಳೂ ಮುಚ್ಚಿಕೊಳ್ಳುತ್ತವೆ. ಕಳೆದ ಚಳಿಗಾಲದ ಅಂತಹ ಒಂದು ರಾತ್ರಿ ನಮ್ಮ ಕೊನೆಯ ತಂಗಿ ನೋಟುಪುಸ್ತಕವನ್ನು ತೆಗೆದುಕೊಂಡು ಅಜ್ಜಿಯ ಬಳಿ ಕುಳಿತಳು. ಅದು ಘಾಟೇ ಎಂದರೆ ಮೆಣಸಿನಕಾಯಿಯದಲ್ಲ; ಕಮಟೇ ಎಂದರೆ ಎಣ್ಣೆಯದಲ್ಲ; ಸೀದದ್ದೂ ಅಲ್ಲ, ಮುಗ್ಗೂ ಅಲ್ಲ.

“ನಿಮ್ಮ ಕಾಲದಲ್ಲಿ ಇದಕ್ಕೇನನ್ನುತ್ತಿದ್ದರು ಅಜ್ಜಿ?”

“ನಮ್ಮ ಕಾಲದಲ್ಲಿ ಇದು ಇರಲಿಲ್ಲವಲ್ಲೇ ಮಗು,” ಎಂದರು ಅಜ್ಜಿ. “ನನಗಂತೂ ಅದು ತಿಳೀತಾನೂ ಇಲ್ಲ. ನೀನೇ ಒಂದು ಹೆಸರಿಟ್ಟು ಬರಕೋ.”

ಅವಳು ತಾರೀಖನ್ನು ಬರೆದು, ಗಾಳಿ ಬಂದ ದಿಕ್ಕನ್ನೂ ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದಾಳೆ. ಆ ಪುಟದಲ್ಲಿ ಈಗ ಹನ್ನೊಂದು ತಾರೀಖುಗಳಿವೆ.