ಮಾಸ್ತರರ ಸಂಗಡ ಒಂದು ಚಿತ್ರಯಾತ್ರೆ

ಪಾಲಾರಿವಟ್ಟವನ್ನು ನೋಡಬೇಕೆಂದು ಯಾವ ಯಾತ್ರಿಕನೂ ಬರುವುದಿಲ್ಲ. ಕೊಚ್ಚಿಗೆ ಬಂದವರು ಚೀನೀ ಬಲೆಗಳನ್ನು ನೋಡಲು ಫೋರ್ಟ್ ಕೊಚ್ಚಿಗೆ ಹೋಗುತ್ತಾರೆ. ಯೆಹೂದ್ಯರ ಹಳೆಯ ಪ್ರಾರ್ಥನಾಮಂದಿರ ನೋಡಲು ಮಟ್ಟಾಂಚೇರಿಗೆ ಹೋಗುತ್ತಾರೆ. ಸೀರೆ ಕೊಳ್ಳುವವರು ಮಹಾತ್ಮಾ ಗಾಂಧಿ ರಸ್ತೆಗೆ ಹೋಗುತ್ತಾರೆ. ಪಾಲಾರಿವಟ್ಟವೋ, ಇವರೆಲ್ಲ ದಾಟಿಹೋಗುವ ಸ್ಥಳ. ಇಡಪಳ್ಳಿಗೂ ಕಲೂರಿಗೂ ನಡುವೆ ಬಸ್ಸು, ಬ್ಯಾಂಕು, ಚಿನ್ನದಂಗಡಿಗಳ ಜಾಹೀರಾತು ಹಲಗೆಗಳು ಒತ್ತೊತ್ತಾಗಿ ನಿಂತಿರುವ ಪೇಟೆ. ನಾವು ಇಲ್ಲಿ ಬಿಡಾರ ಹೂಡಿ ಎಂಟು ವರ್ಷಗಳಾದವು.

ಇಂಥ ಊರಿನಲ್ಲಿ ಕುಳಿತು ಚಿತ್ರ ಬರೆಯುವುದಕ್ಕೆ ಏನಿದೆ ಎನ್ನುವವರಿಗೆ ನಮ್ಮ ನೆರೆಮನೆಯ ಮಾಸ್ತರರನ್ನು ಪರಿಚಯ ಮಾಡಿಕೊಡಬೇಕು. ಕಾರ್ಕಳದ ಕಡೆಯವರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾಗಿ, 2016ರಿಂದ ಮಗನ ಮನೆಯಲ್ಲಿದ್ದಾರೆ. ಭಾನುವಾರ ಬೆಳಗಾಯಿತೆಂದರೆ ಹೆಗಲಲ್ಲೊಂದು ಬಟ್ಟೆಯ ಜೋಳಿಗೆ, ಕೈಯಲ್ಲೊಂದು ಮಡಚುವ ಸ್ಟೂಲು. ಜೋಳಿಗೆಯಲ್ಲಿ ದಪ್ಪ ಕಾಗದದ ಪುಸ್ತಕ, ಎರಡು ಮಸಿಪೆನ್ನು, ಅಂಗೈಯಗಲದ ಬಣ್ಣದ ಡಬ್ಬಿ, ನೀರಿಗೆ ಔಷಧದ ಹಳೆಯ ಬಾಟಲಿ. ರಬ್ಬರು ಮಾತ್ರ ಇಲ್ಲ. "ತಪ್ಪಿದ ಗೆರೆ ಅಲ್ಲೇ ಇರ್ಲಿ ಮಾರಾಯ್ರೇ, ಪಕ್ಕದಲ್ಲಿ ಸರಿಯಾದ್ದು ಎಳೆದ್ರಾಯ್ತು" ಎನ್ನುತ್ತಾರೆ. ಬರೆದು ಮುಗಿದ ಮೇಲೆ ಮೂಲೆಯಲ್ಲಿ ಸ್ಥಳ, ತಾರೀಕು, ಗಂಟೆ ಬರೆಯುವುದು ತಪ್ಪದು. ಕಚೇರಿಯಲ್ಲಿ ಆವಕ-ಜಾವಕ ಬರೆಯುವ ನಮಗೆ ಅವರಲ್ಲಿ ಮೊದಲು ಮೆಚ್ಚಿಗೆಯಾದದ್ದು ಇದೇ.

ಹೀಗೆ ಸ್ಥಳದಲ್ಲೇ ಕುಳಿತು ಊರನ್ನು ಬರೆಯುವವರು ಈಗ ಲೋಕದ ತುಂಬ ಇದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಗೇಬ್ರಿಯಲ್ ಕಂಪನಾರಿಯೊ ಎಂಬ ಪತ್ರಿಕಾ ಚಿತ್ರಕಾರರು 2007ರಲ್ಲಿ 'ಅರ್ಬನ್ ಸ್ಕೆಚರ್ಸ್' ಎಂಬ ಬಳಗವನ್ನು ಆರಂಭಿಸಿದರು. ಕಣ್ಣೆದುರು ಕಂಡದ್ದನ್ನು ಅಲ್ಲೇ ಕುಳಿತು ಬರೆಯಬೇಕೆಂಬುದು ಅವರ ಮುಖ್ಯ ನಿಯಮ. ಮಾಸ್ತರರಿಗೆ ಇದನ್ನು ಹೇಳಿದಾಗ, "ಮತ್ತೆ ಬೇರೆ ಹೇಗೆ ಬರೆಯುವುದು?" ಎಂದು ನಮ್ಮನ್ನೇ ಕೇಳಿದರು.

ಬೈಪಾಸಿನ ಕೂಡುರಸ್ತೆಯ ಬಳಿ ಒಬ್ಬ ಚೇಟ್ಟನ ಚಹದ ಅಂಗಡಿಯಿದೆ. ಮಾಸ್ತರರ ಖಾಯಂ ಜಾಗ ಅದು. ಅಲ್ಲಿಂದ ಕಾಣುವ ಮೇಲ್ಸೇತುವೆಯ ಕಥೆ ಕೇರಳದಲ್ಲಿ ಎಲ್ಲರಿಗೂ ಗೊತ್ತು: 2016ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆಯಿತು, ಬಿರುಕು ಕಂಡು 2019ರ ಮೇ ತಿಂಗಳಲ್ಲಿ ಮುಚ್ಚಿತು, ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಮೇಲೆ ನಮ್ಮ ಕೊಂಕಣ ರೈಲ್ವೆಯ ಇ. ಶ್ರೀಧರನ್ ಅವರ ಮಾರ್ಗದರ್ಶನದಲ್ಲಿ ಮೇಲಿನ ಭಾಗವನ್ನು ಕೆಡವಿ ಕಟ್ಟಿ 2021ರ ಮಾರ್ಚ್ 7ರಂದು ಮತ್ತೆ ತೆರೆದರು. ಮಾಸ್ತರರ ಪುಸ್ತಕಗಳಲ್ಲಿ ಈ ಸೇತುವೆ ಐದು ಸಲ ಇದೆ. ಒಂದರಲ್ಲಿ ಮೇಲೆ ವಾಹನಗಳ ಸಾಲು. ಇನ್ನೊಂದರಲ್ಲಿ ಮೇಲೆ ಯಾರೂ ಇಲ್ಲ, ಕೆಳಗೆ ಮಾತ್ರ ಬಸ್ಸು, ಆಟೋ, ಸ್ಕೂಟರುಗಳು ಜೇನುಹುಳುಗಳಂತೆ ಮುತ್ತಿವೆ. ಮೂರನೆಯದರಲ್ಲಿ ಕಂಬಗಳು ತಲೆಯಿಲ್ಲದೆ ನಿಂತಿವೆ. ಈಗ ಅಲ್ಲಿ ನಿಂತು ನೋಡಿದರೆ ಇದೊಂದೂ ಕಾಣದು. ದಿನವೂ ಆ ದಾರಿಯಲ್ಲೇ ಓಡಾಡುವ ನಾವು ನಡುವಿನ ಸ್ಥಿತಿಗಳನ್ನು ಎಷ್ಟು ಬೇಗ ಮರೆತೆವೆಂದು ಅವರ ಹಾಳೆ ತಿರುಗಿಸುವಾಗ ಆಶ್ಚರ್ಯವಾಗುತ್ತದೆ.

ಚೇಟ್ಟ ಈ ಐದನ್ನೂ ನೋಡಿದ್ದಾನೆ. ಅವನ ದೂರು ಒಂದೇ: ಅಂಗಡಿಯನ್ನು ಬರೆದಿದ್ದೀರಿ, ಕೆಟಲನ್ನು ಬರೆದಿದ್ದೀರಿ, ಗೋಡೆಯ ಮೇಲಿನ ಕ್ಯಾಲೆಂಡರನ್ನು ಏಕೆ ಬಿಟ್ಟಿರಿ? ಫೋಟೋ ತೆಗೆದು ಹೋಗುವವನೊಡನೆ ಯಾರೂ ಹೀಗೆ ಜಗಳವಾಡುವುದಿಲ್ಲ. ಒಂದು ಗಂಟೆ ಒಂದೆಡೆ ಕುಳಿತರೆ ಊರು ತಾನಾಗಿ ಹತ್ತಿರ ಬಂದು ಮಾತಾಡಿಸುತ್ತದೆ. ನಮ್ಮ ಮನೆಯವರ ಮಲಯಾಳ ಸುಧಾರಿಸಿದ್ದು ಈ ಭಾನುವಾರಗಳಿಂದಲೇ ಹೊರತು ಪುಸ್ತಕದಿಂದಲ್ಲ.

ಫೋರ್ಟ್ ಕೊಚ್ಚಿಗೆ ಎರ್ನಾಕುಲಂ ಜೆಟ್ಟಿಯಿಂದ ಸರ್ಕಾರಿ ದೋಣಿಯಲ್ಲಿ ಹೋಗುವುದೇ ಚೆಂದ. ಚೀನೀ ಬಲೆಯ ಚಿತ್ರವನ್ನು ಎಲ್ಲರೂ ಬಲೆಯಿಂದ ಆರಂಭಿಸಿದರೆ ಮಾಸ್ತರರು ಕಲ್ಲಿನಿಂದ ಆರಂಭಿಸುತ್ತಾರೆ. ಬಲೆಯ ಹಿಂಬದಿಯಲ್ಲಿ ಹಗ್ಗಗಳಿಗೆ ಕಟ್ಟಿದ ದೊಡ್ಡ ಕಲ್ಲುಗಳು ತೂಗುತ್ತಿರುತ್ತವೆ; ಬಲೆ ನೀರಿಗಿಳಿದರೆ ಕಲ್ಲು ಮೇಲೇರುತ್ತದೆ, ನಾಲ್ಕಾರು ಜನ ಹಗ್ಗ ಜಗ್ಗಿ ಕಲ್ಲನ್ನು ಇಳಿಸಿದರೆ ಬಲೆ ಏಳುತ್ತದೆ. ಕಲ್ಲು ಎಲ್ಲಿದೆಯೆಂದು ಗೊತ್ತಾದರೆ ಉಳಿದ ಮರವೆಲ್ಲ ಎತ್ತ ಬಾಗಬೇಕೆಂಬುದು ತಾನೇ ತಿಳಿಯುತ್ತದಂತೆ. ಜನ ಅಲ್ಲಾಡುತ್ತಿರುತ್ತಾರಲ್ಲ, ಅವರನ್ನು ಹೇಗೆ ಬರೆಯುವಿರಿ ಎಂದು ನಮ್ಮ ಮಗಳು ಕೇಳಿದಳು. ಒಬ್ಬನ ಬೆನ್ನು, ಇನ್ನೊಬ್ಬನ ಕಾಲು, ಮೂರನೆಯವನ ಟೋಪಿ ಸೇರಿಸಿ ಒಬ್ಬ ಬೆಸ್ತನನ್ನು ಮಾಡಿ ತೋರಿಸಿದರು! ಬಣ್ಣಕ್ಕೆ ಮಾತ್ರ ಇಲ್ಲಿಯ ಹವೆ ಶತ್ರು. ಅವರ ಆಟಿ, ಇಲ್ಲಿಯ ಕರ್ಕಿಡಕ ತಿಂಗಳಲ್ಲಿ ಕಾಗದ ಒಣಗುವುದೇ ಇಲ್ಲ; ಆಗ ಬರೀ ಮಸಿಯ ಗೆರೆ.

ಮಟ್ಟಾಂಚೇರಿಯ ಅರಮನೆಯಲ್ಲಿ ರಾಮಾಯಣದ ಭಿತ್ತಿಚಿತ್ರಗಳಿವೆ. 1937ರಲ್ಲಿ ಅಮೃತಾ ಶೇರ್‌ಗಿಲ್ ಇವುಗಳನ್ನು ಕಂಡು ಬೆರಗಾಗಿ, ಕುಳಿತು ನಕಲು ಮಾಡಿಕೊಂಡರು. ಮಾಸ್ತರರಿಗೆ ಆಕೆಗಿಂತ ತಮ್ಮ ಕಡೆಯ ಕೆ. ಕೆ. ಹೆಬ್ಬಾರರ ಮೇಲೆ ಹೆಚ್ಚು ಅಭಿಮಾನ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಹೆಬ್ಬಾರರ ಆರಂಭದ ಚಿತ್ರಗಳಲ್ಲಿ ಕೇರಳದ ಹಸುರೂ ಕೆಮ್ಮಣ್ಣೂ ಇವೆ. ಲಯವನ್ನು ಅರಿಯಲೆಂದು ಅವರು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳ ಪುಸ್ತಕ 1964ರಲ್ಲಿ 'ಸಿಂಗಿಂಗ್ ಲೈನ್' ಎಂಬ ಹೆಸರಿನಲ್ಲಿ ಬಂತು. ಪರಸ್ಥಳದಲ್ಲಿ ಬಾಳಿದ ಕನ್ನಡಿಗರ ಹೆಸರು ಹೇಳುವಾಗ ನಾವು ಹೋಟೆಲಿನವರನ್ನೂ ಬ್ಯಾಂಕಿನವರನ್ನೂ ನೆನೆಯುತ್ತೇವೆ; ಹೆಬ್ಬಾರರನ್ನೂ ನೆನೆಯಬೇಕು.

ಕಳೆದ ರಜೆಯಲ್ಲಿ ಮಾಸ್ತರರೊಡನೆ ತಿರುವನಂತಪುರಕ್ಕೂ ಹೋಗಿಬಂದೆವು. ರೈಲಿನಲ್ಲಿ ಸುಮಾರು 200 ಕಿಲೋಮೀಟರು. ಚಿಸಮ್ ಎಂಬ ಆಂಗ್ಲ ವಾಸ್ತುಶಿಲ್ಪಿ ಕಟ್ಟಿಸಿದ, 1880ರಲ್ಲಿ ಮುಗಿದ ನೇಪಿಯರ್ ಮ್ಯೂಸಿಯಮ್ಮಿನ ಗೋಪುರಗಳನ್ನು ಬರೆಯುತ್ತಾರೆಂದು ನಾವು ತಿಳಿದಿದ್ದರೆ, ಅವರು ತಂಬಾನೂರಿನ ಇಂಡಿಯನ್ ಕಾಫಿ ಹೌಸಿನಲ್ಲಿ ಕುಳಿತುಬಿಟ್ಟರು. ಲಾರಿ ಬೇಕರ್ ಅವರ ಕೃತಿ ಅದು. ಇಟ್ಟಿಗೆಯ ದುಂಡು ಕಟ್ಟಡ. ನೆಲವೇ ಸುತ್ತುತ್ತ ಮೇಲೇರುತ್ತದೆ, ಮೇಜು ಬೆಂಚುಗಳು ಗೋಡೆಯುದ್ದಕ್ಕೂ ಏರುತ್ತ ಹೋಗುತ್ತವೆ, ಇಟ್ಟಿಗೆಯ ಕಿಂಡಿಗಳಿಂದ ಬೆಳಕು ಚುಕ್ಕಿಚುಕ್ಕಿಯಾಗಿ ಬೀಳುತ್ತದೆ. ನೆಲ ಓರೆ, ಕಾಫಿಯ ಲೋಟ ನೆಟ್ಟಗೆ! ಅದನ್ನು ಗೆರೆಯಲ್ಲಿ ಹಿಡಿಯಲು ಮಾಸ್ತರರು ಮೂರು ಹಾಳೆ ಕೆಡಿಸಿದರು. ಬೀಸಣಿಗೆಯಂಥ ಬಿಳಿಯ ಪೇಟದ ಮಾಣಿ ಎರಡು ಸಲ ಬಂದು ನೋಡಿ ನಕ್ಕು ಹೋದ. ಮಸಾಲೆದೋಸೆಯೊಳಗೆ ಬೀಟ್‌ರೂಟಿನ ಕೆಂಪು ಪಲ್ಯ ಕಂಡು ನಮ್ಮ ಮನೆಯವರು ಹೇಳಿದ ಮಾತನ್ನು ಇಲ್ಲಿ ಬರೆಯುವುದು ಬೇಡ.

ಹಿಂದಿರುಗುವಾಗ ರೈಲಿನಲ್ಲಿ ಮಾಸ್ತರರು ಮಗಳಿಗೆ ಪೆನ್ನು ಕೊಟ್ಟು, "ಎಲ್ಲಿ, ನಿನ್ನ ಊರು ಬರಿ ನೋಡುವಾ" ಎಂದರು. ಅವಳಿಗೆ ಒಂಬತ್ತು ವರ್ಷ. ಅರಸೀಕೆರೆಯ ಅಜ್ಜಿಯ ಮನೆ, ಹಿತ್ತಿಲ ತೆಂಗಿನ ಮರಗಳು ಬರಬಹುದೆಂದು ನಾವಿಬ್ಬರೂ ಕಾದಿದ್ದೆವು. ವರ್ಷಕ್ಕೆರಡು ಸಲ ಅಲ್ಲಿಗೆ ಕರೆದೊಯ್ಯುತ್ತೇವೆ. 'ನಮ್ಮೂರು' ಎಂದು ಮನೆಯಲ್ಲಿ ಹೇಳುವುದೂ ಅದನ್ನೇ. ಅವಳು ಮೊದಲು ಎರಡು ದಪ್ಪ ಕಂಬ ಎಳೆದಳು. ಕಂಬದ ಮೇಲೆ ರಸ್ತೆ ಬಂತು, ಕೆಳಗೆ ಆಟೋ ಬಂತು. ನಮ್ಮ ಮನೆಯವರು ಕಿಟಕಿಯ ಕಡೆ ಮುಖ ತಿರುಗಿಸಿ ಬಹಳ ಹೊತ್ತು ಏನೂ ಹೇಳಲಿಲ್ಲ. "ಅಜ್ಜಿಗೆ ಇದನ್ನೇ ಕಳಿಸೋಣ. ನಾವು ಎಲ್ಲಿದ್ದೀವಿ ಅಂತ ಅವರಿಗೂ ಕಾಣಲಿ" ಎಂದರು ಕಡೆಗೆ.

ಮಾಸ್ತರರು ಕನ್ನಡಕ ಏರಿಸಿ ಹಾಳೆಯನ್ನು ನೋಡಿ, ತಾರೀಕು ಹಾಕಿಲ್ಲವೆಂದು ಆಕ್ಷೇಪಿಸಿದರು. ಅವಳು ತಾರೀಕು ಹಾಕಿ, ಎಡಗಡೆ ಚೇಟ್ಟನ ಅಂಗಡಿಯನ್ನೂ ಬರೆದಳು. ಗೋಡೆಯ ಮೇಲೆ ಕ್ಯಾಲೆಂಡರು ಇತ್ತು.