ಹದಿನೈದು ನಿಮಿಷ, ಒಂದೇ ಧಾಟಿ

ಆತ್ಮೀಯರೇ,

ನಿಮ್ಮ ಕಾಗದ ತಲುಪಿತು. ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್‌ನ ‘ಹೆಡ್ ಹಂಟರ್ಸ್’ ಆಲ್ಬಮ್ ಕೇಳಲು ಕೂತು ಅರ್ಧಕ್ಕೇ ಎದ್ದುಬಿಟ್ಟಿರಂತೆ. ಹದಿನೈದು ನಿಮಿಷ ಒಂದೇ ಧಾಟಿಯನ್ನು ತಿರುವಿ ತಿರುವಿ ನುಡಿಸುವುದರಲ್ಲಿ ಏನಿದೆ ಸ್ವಾಮಿ, 1973ರ ಈ ರೆಕಾರ್ಡನ್ನು ಜನ ಇನ್ನೂ ಯಾಕೆ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ ಎಂದು ಕೇಳಿದ್ದೀರಿ. ದೂರಿನಲ್ಲಿ ಹುರುಳಿದೆ. ಆದರೆ ನೀವು ದೋಷವೆಂದು ಬೆರಳಿಟ್ಟ ಜಾಗದಲ್ಲೇ ಅದರ ಆಯುಷ್ಯದ ಗುಟ್ಟೂ ಇದೆ ಅಂತ ನನಗನ್ನಿಸುತ್ತದೆ. ಅದನ್ನು ಹೇಳೋಣವೆಂದೇ ಬರೆಯಲು ಕೂತೆ.

ಹ್ಯಾನ್‌ಕಾಕ್‌ಗೆ ಕೈಚಳಕದ ಕೊರತೆಯೇನೂ ಇರಲಿಲ್ಲ. ಹುಟ್ಟೂರು ಶಿಕಾಗೋ. ಹನ್ನೊಂದನೇ ವಯಸ್ಸಿಗೇ ಅಲ್ಲಿನ ಸಿಂಫನಿ ಆರ್ಕೆಸ್ಟ್ರಾ ಜೊತೆ ಮೊಜಾರ್ಟ್ ನುಡಿಸಿದವನು. ಕಾಲೇಜಿಗೆ ಸೇರಿದ್ದು ಎಂಜಿನಿಯರಿಂಗ್ ಓದಲು, ಹೊರಬಂದದ್ದು ಸಂಗೀತಗಾರನಾಗಿ. ಯಂತ್ರಗಳ ಮೋಹ ಮಾತ್ರ ಬಿಡಲೇ ಇಲ್ಲ. 1963ರಿಂದ ಕೆಲವು ವರ್ಷ ಮೈಲ್ಸ್ ಡೇವಿಸ್‌ನ ತಂಡದಲ್ಲಿ ಪಿಯಾನೋ ನುಡಿಸಿದ. ಆಮೇಲೆ ತಾನೇ ತಂಡ ಕಟ್ಟಿ, ಲಯ ಸ್ವರಗಳ ಹಿಡಿತವನ್ನೇ ಸಡಿಲಿಸಿದ ಪ್ರಯೋಗಗಳಿಗೆ ಇಳಿದ. ಬಲ್ಲವರು ತಲೆದೂಗಿದರು, ದುಡ್ಡು ಕೊಟ್ಟು ಕೊಳ್ಳುವವರು ಮಾತ್ರ ಕಡಿಮೆ. ಊರೂರು ತಿರುಗುವ ಖರ್ಚು ತೂಗಿಸಲಾಗದೆ ಆ ತಂಡ ಚದುರಿತು.

ಆಗಷ್ಟೇ ನಿಚಿರೆನ್ ಪಂಥದ ಬೌದ್ಧ ಸಾಧನೆಗೆ ತೊಡಗಿದ್ದ ಆತನಿಗೆ ಒಮ್ಮೆ ಮಂತ್ರ ಪಠಿಸುತ್ತಿದ್ದಾಗ ಸ್ಲೈ ಸ್ಟೋನ್‌ನ ಫಂಕ್ ಹಾಡೊಂದು ತಲೆಯೊಳಗೆ ಸುತ್ತತೊಡಗಿತಂತೆ. ಸ್ಲೈನ ತಂಡದ ಜೊತೆ ತಾನೇ ಕೂತು ನುಡಿಸಿದ ಹಾಗೆ ಕಂಡಿತಂತೆ. ಮನಸ್ಸು ಮೊದಲು ಮೂಗು ಮುರಿಯಿತು. ಮರುಕ್ಷಣವೇ, ಅದು ತನ್ನೊಳಗಿನ ಜಾಝ್ ಮಡಿವಂತಿಕೆಯ ಕೆಲಸ ಎಂದು ಹೊಳೆಯಿತು. ‘ಹೆಡ್ ಹಂಟರ್ಸ್’ ಮೊಳೆತದ್ದು ಅಲ್ಲಿ. ಹಳೆಯ ತಂಡದಿಂದ ಬೆನ್ನಿ ಮಾಪಿನ್ ಒಬ್ಬನನ್ನು ಉಳಿಸಿಕೊಂಡು, ಬಾಸ್‌ಗೆ ಪಾಲ್ ಜಾಕ್ಸನ್, ಡ್ರಮ್ಸ್‌ಗೆ ಹಾರ್ವೆ ಮೇಸನ್, ಉಳಿದ ತಾಳವಾದ್ಯಗಳಿಗೆ ಬಿಲ್ ಸಮರ್ಸ್ ಎಂಬವರನ್ನು ಕರೆತಂದ. ಗಿಟಾರ್ ಬೇಡವೆಂದ. ಆ ಕೆಲಸವನ್ನು ಕ್ಲಾವಿನೆಟ್ ಎಂಬ ಎಲೆಕ್ಟ್ರಿಕ್ ಕೀಬೋರ್ಡಿಗೆ ವಹಿಸಿದ.

ಫಂಕ್‌ಗೆ ಜೇಮ್ಸ್ ಬ್ರೌನ್ ಹಾಕಿಕೊಟ್ಟ ಮೂಲಪಾಠ ಒಂದಿದೆ: ನಾಲ್ಕು ಪೆಟ್ಟಿನ ಆವರ್ತದಲ್ಲಿ ಮೊದಲ ಪೆಟ್ಟಿಗೆ ಭಾರ ಹಾಕು, ಉಳಿದದ್ದರಲ್ಲಿ ಏನಾದರೂ ಆಟ ಆಡಿಕೋ. ನೀವು ಹಿಂದೂಸ್ತಾನಿ ಕಚೇರಿಗಳಲ್ಲಿ ಕೂತವರು. ಎಲ್ಲೆಲ್ಲೋ ಅಲೆದ ತಾನ್ ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ, ಬಂದು ಬಿದ್ದಾಗ ಸಭೆ ಹೇಗೆ ‘ವಾಹ್’ ಅನ್ನುತ್ತದೋ ನಿಮಗೆ ಗೊತ್ತು. ಫಂಕ್‌ನಲ್ಲಿ ಆ ಸುಖಕ್ಕೆ ಹೆಚ್ಚು ಕಾಯಬೇಕಿಲ್ಲ, ಪ್ರತಿ ಆವರ್ತಕ್ಕೂ ಸಿಗುತ್ತದೆ.

ಈಗ ನಿಮ್ಮ ತಕರಾರಿಗೆ ಗುರಿಯಾದ, ಆಲ್ಬಮ್ಮಿನ ಮೊದಲ ರಚನೆ ‘ಕಮೀಲಿಯನ್’ಗೆ ಬರೋಣ. ಆರಂಭದಲ್ಲಿ ಬಾಸ್‌ನ ಧಾಟಿ ಒಂದೇ. ಅದು ತಂತಿಯ ಬಾಸೂ ಅಲ್ಲ, ಹ್ಯಾನ್‌ಕಾಕ್ ತಾನೇ ‘ಆರ್ಪ್ ಒಡಿಸ್ಸಿ’ ಸಿಂಥಸೈಜರ್‌ನಲ್ಲಿ ನುಡಿಸಿದ್ದು. ಸ್ವಲ್ಪ ದಪ್ಪ, ಸ್ವಲ್ಪ ತುಂಟ ದನಿ. ಬೆನ್ನಿಗೇ ಮೇಸನ್‌ನ ಡ್ರಮ್ಸ್. ಅವೆರಡರ ನಡುವಿನ ಸಂದಿಗಳಲ್ಲಿ ಕ್ಲಾವಿನೆಟ್‌ನ ಕುಟುಕು ಪೆಟ್ಟುಗಳು. ಮಾಪಿನ್‌ನ ಸ್ಯಾಕ್ಸೊಫೋನ್ ಬಾಯಿ ತೆರೆಯುವುದು ಇಷ್ಟೆಲ್ಲ ಕುದುರಿದ ಮೇಲೆ. ಒಬ್ಬೊಬ್ಬನ ಪಾಲನ್ನೂ ಬೇರೆ ಬೇರೆ ಬಿಡಿಸಿ ಕೇಳಿದರೆ ಯಾವುದರಲ್ಲೂ ದೊಡ್ಡ ವಿದ್ವತ್ತು ಕಾಣದು. ಪಕ್ಕದವನು ಸುಮ್ಮನಿರುವ ಜಾಗ ಯಾವುದೆಂದು ನೋಡಿ, ಅಲ್ಲಿ ಮಾತ್ರ ದನಿ ಹಾಕುತ್ತಾರೆ. ಬೇಕಾದಷ್ಟು ನುಡಿಸಬಲ್ಲವರು ಕೈ ಬಿಗಿಹಿಡಿದು ಕೂತಿದ್ದಾರೆ. ಆ ಬಿಗಿಯೇ ನಮ್ಮ ಕಾಲನ್ನು ಕುಣಿಸುವುದು. ಅರ್ಧ ದಾರಿಯಲ್ಲಿ ಆ ಧಾಟಿಯನ್ನೇ ಕೈಬಿಟ್ಟು, ಹೊಸ ನಡೆಯ ಮೇಲೆ ಎಲೆಕ್ಟ್ರಿಕ್ ಪಿಯಾನೋ ಹರಡಿಕೊಳ್ಳುತ್ತದೆ. ನೀವು ಎದ್ದುಹೋದದ್ದು ಬಹುಶಃ ಇದಕ್ಕೆ ಸ್ವಲ್ಪ ಮೊದಲು! ಕೊನೆಗೆ ಹಳೆಯ ಧಾಟಿ ಮರಳಿದಾಗ ಅದೇ ಸ್ವರಗಳು ಬೇರೆಯಾಗಿ ಕೇಳಿಸುತ್ತವೆ.

ಎರಡನೆಯದು ‘ವಾಟರ್‌ಮೆಲನ್ ಮ್ಯಾನ್’. ಬಾಲ್ಯದಲ್ಲಿ ಶಿಕಾಗೋದ ಕಲ್ಲುಹಾಸಿನ ಓಣಿಯಲ್ಲಿ ಬರುತ್ತಿದ್ದ ಕಲ್ಲಂಗಡಿ ಗಾಡಿಯ ಚಕ್ರದ ಸದ್ದು ನೆನೆದು ಆತ 1962ರಲ್ಲಿ, ತನ್ನ ಮೊದಲ ಆಲ್ಬಮ್ಮಿಗೆ ಕಟ್ಟಿದ ರಚನೆ ಇದು. ಮಾಂಗೋ ಸಾಂಟಮಾರಿಯಾ ಎಂಬ ವಾದಕ ಅದನ್ನು ನುಡಿಸಿ ಜನಪ್ರಿಯ ಮಾಡಿದ್ದ. ಹನ್ನೊಂದು ವರ್ಷದ ನಂತರ ಅದನ್ನೇ ನಿಧಾನಿಸಿ ಹೊಸದಾಗಿ ಹೊಲಿದರು. ಆರಂಭದಲ್ಲಿ ಪೀಪಿ ಊದಿದಂಥ ಸದ್ದು ಬರುತ್ತದಲ್ಲ, ಅದು ಬಿಲ್ ಸಮರ್ಸ್ ಬಿಯರ್ ಬಾಟಲಿ ಊದಿದ್ದು. ಆ ಸದ್ದಿನ ಮೂಲ ಮಧ್ಯ ಆಫ್ರಿಕಾದ ಬಾ-ಬೆಂಜೆಲೆ ಜನರ ಊದುಗೊಳವೆ; ಅವರ ಸಂಗೀತದ ಧ್ವನಿಮುದ್ರಣ 1966ರಲ್ಲಿ ಹೊರಬಂದಿತ್ತು. ಅವರ ಆ ಊದುಗೊಳವೆಯಲ್ಲಿ ಹೊರಡುವುದು ಒಂದೇ ಸ್ವರ. ಒಮ್ಮೆ ಊದು, ಒಮ್ಮೆ ಬಾಯಲ್ಲಿ ಹಾಡು, ಮತ್ತೆ ಊದು. ಹೀಗೆ ಉಸಿರೂ ಕಂಠವೂ ಕೈಗೂಡಿಸಿದಾಗ ಧಾಟಿ ಹುಟ್ಟುತ್ತದೆ. ಇಡೀ ಆಲ್ಬಮ್ಮಿನ ವ್ಯಾಕರಣವೇ ಇದು: ಯಾರೊಬ್ಬರ ಬಳಿಯೂ ಪೂರ್ತಿ ಹಾಡಿಲ್ಲ.

ಈ ಎರವಲಿನಲ್ಲಿ ಒಂದು ಕಸಿವಿಸಿಯೂ ಇದೆ, ಮುಚ್ಚಿಡುವುದಿಲ್ಲ. ಆ ಜನರಿಗೆ ಇದರಿಂದ ಹೆಸರಾಗಲೀ ಹಣವಾಗಲೀ ಸಂದಿತೇ? ಸಂಗೀತದ ಮಾನವಶಾಸ್ತ್ರಜ್ಞ ಸ್ಟೀವನ್ ಫೆಲ್ಡ್ ತೊಂಬತ್ತರ ದಶಕದಲ್ಲಿ ಎತ್ತಿದ ಈ ಪ್ರಶ್ನೆ ಸುಲಭಕ್ಕೆ ಕರಗುವಂಥದ್ದಲ್ಲ. 1994ರಲ್ಲಿ ಮಡೋನಾ ತನ್ನ ‘ಸ್ಯಾಂಕ್ಚುವರಿ’ ಹಾಡಿಗೆ ಇದೇ ‘ವಾಟರ್‌ಮೆಲನ್ ಮ್ಯಾನ್’ನ ತುಣುಕು ಬಳಸಿಕೊಂಡಾಗ, ಎರವಲಿನ ಮೇಲೆ ಎರವಲು ಬೆಳೆಯಿತು. ಹಾಡನ್ನು ಪ್ರೀತಿಸುತ್ತಲೇ ಆ ಲೆಕ್ಕವನ್ನೂ ನೆನಪಿಟ್ಟುಕೊಳ್ಳಬೇಕು.

ಉಳಿದ ಎರಡರಲ್ಲಿ ‘ಸ್ಲೈ’ ಆ ಸ್ಲೈ ಸ್ಟೋನ್‌ಗೇ ಸಲ್ಲಿಸಿದ ಗೌರವ, ನಾಲ್ಕರಲ್ಲಿ ಅತಿ ಚುರುಕಿನದು. ಕೊನೆಯ ‘ವೇನ್ ಮೆಲ್ಟರ್’ನಲ್ಲಿ ಮಾಪಿನ್‌ನ ಬಾಸ್ ಕ್ಲಾರಿನೆಟ್ ನಿಧಾನಕ್ಕೆ ಹೆಜ್ಜೆ ಹಾಕುತ್ತದೆ. ರಾತ್ರಿಗೆ ಇಟ್ಟುಕೊಳ್ಳಿ.

ಆಲ್ಬಮ್ ಬಂದಾಗ ಜಾಝ್ ಮಡಿವಂತರು ‘ದುಡ್ಡಿಗೆ ಮಾರಿಕೊಂಡ’ ಎಂದು ಬೈದರು. ಅದೋ, ಅಮೆರಿಕದ ಪಾಪ್ ಪಟ್ಟಿಯಲ್ಲಿ 13ನೇ ಸ್ಥಾನದವರೆಗೆ ಏರಿತು. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಈಗ ಅದನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿದೆ. ಶಾಲಾ ಬ್ಯಾಂಡುಗಳ ಮಕ್ಕಳು ‘ಕಮೀಲಿಯನ್’ ನುಡಿಸುತ್ತಾರೆ, ಹಿಪ್‌ಹಾಪ್‌ನವರು ತುಣುಕು ಕತ್ತರಿಸಿ ಒಯ್ಯುತ್ತಾರೆ. ಯಾಕೆಂದರೆ ಇದು ತುಂಬಿ ತುಳುಕುವ ಸಂಗೀತವಲ್ಲ. ಐವರು ಬಿಟ್ಟ ಜಾಗದಲ್ಲಿ ಆರನೆಯವನು ಬಂದು ಕೂರಬಹುದು. ಧಾಟಿ ಒಂದೇ ಆದದ್ದರಿಂದಲೇ, ಈಗಷ್ಟೇ ವಾದ್ಯ ಹಿಡಿದ ಹುಡುಗಿಗೂ ಒಳಗೆ ಬರಲು ಬಾಗಿಲು ಸಿಗುತ್ತದೆ.

ಹಾಗಾಗಿ ಇನ್ನೊಂದು ಸಲ ಕೇಳಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಅದರಲ್ಲಿ ಬಾಸ್ ಸತ್ತೇ ಹೋಗುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಐದು ನಿಮಿಷ ಕ್ಲಾವಿನೆಟ್ ಒಂದನ್ನೇ ಹಿಡಿದು ಅದರ ಹಿಂದೆ ಹೋಗಿ. ಅದು ಎಲ್ಲಿ ನುಡಿಯುತ್ತದೆ, ಎಲ್ಲಿ ಸುಮ್ಮನಾಗುತ್ತದೆ ನೋಡಿ. ಆಮೇಲೂ ಬೇಸರವೆನಿಸಿದರೆ ದಾಕ್ಷಿಣ್ಯ ಬೇಡ, ಹಾಗೆಯೇ ಬರೆಯಿರಿ. ಮನೆಯವರಿಗೆಲ್ಲ ನನ್ನ ನೆನಪು ತಿಳಿಸಿ.

ಇಂತಿ,
ನಿಮ್ಮ ಗೆಳೆಯ